ಇಳಿತದ ಹೊತ್ತಿನ ಊರ ಸಭೆ

ಡೆಲ್ ಲಂಟ್ ಇಪ್ಪತ್ತೆರಡು ವರ್ಷಗಳಿಂದ ಊರ ಸಭೆಗೆ ಕಾಲಿಟ್ಟವನಲ್ಲ. ಆದರೆ ಸಭೆಯನ್ನು ಬೈಯುವುದರಲ್ಲಿ ಗ್ಯಾನೆಟ್ ಕೋವ್‌ನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ರಸ್ತೆಯಲ್ಲಿ ಗುಂಡಿ ಬಿದ್ದರೆ ಸಭೆಯ ತಪ್ಪು. ಹಿಮ ತೆಗೆಯುವ ಗಾಡಿ ತಡವಾಗಿ ಬಂದರೆ ಸಭೆಯ ತಪ್ಪು. ಶಾಲೆಯ ಬಸ್ಸು ಅವನ ಓಣಿಗೆ ತಿರುಗದೆ ಹೋದದ್ದಂತೂ, ಸಭೆಯವರು ಅವನೊಬ್ಬನ ಮೇಲೆ ಹಗೆ ಸಾಧಿಸಲೆಂದೇ ಮಾಡಿದ್ದು.

ಹಾಗಂತ ಅವನು ಸೋಮಾರಿಯಲ್ಲ. ಅಮೆರಿಕದ ಮೇನ್ ರಾಜ್ಯದ ಆ ತೀರದಲ್ಲಿ ಕೆಸರುಬಯಲಿನಲ್ಲಿ ಬಗ್ಗಿ ಕಪ್ಪೆಚಿಪ್ಪು ಅಗೆಯುವ ಕೆಲಸ ಸೋಮಾರಿಗಳಿಗೆ ಹೇಳಿದ್ದಲ್ಲ. ಕಡಲು ಇಳಿದಾಗ ಮಾತ್ರ ಕೆಸರು ಕಾಣುತ್ತದೆ. ನಾಲ್ಕೈದು ಗಂಟೆ ಕಳೆದರೆ ನೀರು ತಿರುಗಿ ಬಂದು ಎಲ್ಲವನ್ನೂ ಮುಚ್ಚುತ್ತದೆ. ಅಷ್ಟರೊಳಗೆ ಸೊಂಟ ಮುರಿಯುವಂತೆ ಅಗೆದು ಬುಟ್ಟಿ ತುಂಬಿಸಬೇಕು. ಮತದಾರರೆಲ್ಲ ಸೇರಿ ತೀರ್ಮಾನ ಮಾಡುವ ಊರ ಸಭೆ ನಡೆಯುವುದು ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ. ಅಂದು ಇಳಿತವಿದ್ದರೆ ಚಿಪ್ಪು ಅಗೆಯುವವರು ಯಾರೂ ಸಭೆಗೆ ಹೋಗುತ್ತಿರಲಿಲ್ಲ. ಇಳಿತವಿಲ್ಲದ ವರ್ಷವೂ ಹೋಗುತ್ತಿರಲಿಲ್ಲ. ಅಭ್ಯಾಸ ತಪ್ಪಿಹೋಗಿತ್ತು.

ಈ ಸಲ ಮಾತ್ರ ಡೆಲ್‌ಗೆ ನಿದ್ದೆ ಹತ್ತಲಿಲ್ಲ. ಊರಿಗೊಂದು ಕಾರ್ಖಾನೆ ಬರುವುದಿತ್ತು. ಮೂಲೆಗೆ ಬಿದ್ದಿದ್ದ ಹಳೆಯ, ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯ ಜಾಗ ಊರಿಗೇ ಸೇರಿದ್ದು. ಅದನ್ನು ಮೂವತ್ತು ವರ್ಷಕ್ಕೆ ಗುತ್ತಿಗೆಗೆ ಕೊಡಿ, ಕಡಲಪಾಚಿ ತೊಳೆದು ಒಣಗಿಸಿ ಪುಡಿ ಮಾಡುತ್ತೇವೆ, ಅರವತ್ತು ಜನಕ್ಕೆ ಕೆಲಸ ಕೊಡುತ್ತೇವೆ ಎಂದು ಒಂದು ಕಂಪನಿ ಬಂದಿತ್ತು. ಆ ಜಾಗಕ್ಕೆ ತಾಗಿಕೊಂಡೇ ಡೆಲ್ ಅಗೆಯುವ ಕೆಸರುಬಯಲು. ಕಾರ್ಖಾನೆಯ ಕೊಳೆನೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ನೀರು ಒಂದು ಸಲ ಕೆಟ್ಟಿತೆಂದರೆ ರಾಜ್ಯದವರು ಬಂದು ಕೆಂಪು ಫಲಕ ನೆಡುತ್ತಾರೆ, ಆಮೇಲೆ ಅಲ್ಲಿ ಒಂದು ಚಿಪ್ಪನ್ನೂ ಮುಟ್ಟುವಂತಿಲ್ಲ. ಐವತ್ತೆಂಟು ವರ್ಷದ ಡೆಲ್‌ಗೆ ಬೇರೆ ಕಸುಬು ಬಾರದು.

ಹಾಗಾದರೆ ಕಾರ್ಖಾನೆ ಬೇಡ ಎಂದುಬಿಡೋಣವೇ? ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. ಮಗಳು ಕ್ಯಾರಿ ಎರಡು ಮಕ್ಕಳ ತಾಯಿ, ಗಂಡನಿಲ್ಲ. ದಿನಾ ಒಂದೂವರೆ ಗಂಟೆ ಗಾಡಿ ಓಡಿಸಿ ದೂರದ ವೃದ್ಧಾಶ್ರಮದಲ್ಲಿ ದುಡಿಯುತ್ತಾಳೆ. ಬರುವುದಕ್ಕೂ ಅಷ್ಟೇ ಹೊತ್ತು. ಊರಲ್ಲೇ ಕೆಲಸ ಸಿಗದಿದ್ದರೆ ಮಕ್ಕಳನ್ನು ಕರೆದುಕೊಂಡು ದಕ್ಷಿಣದ ಪಟ್ಟಣಕ್ಕೆ ಹೋಗುವುದೆಂದು ಅವಳು ತೀರ್ಮಾನ ಮಾಡಿ ಆಗಿತ್ತು. ಕಾರ್ಖಾನೆ ಬಂದರೆ ಕೆಸರುಬಯಲು ಕೈತಪ್ಪುತ್ತದೆ, ಬರದಿದ್ದರೆ ಮಗಳು ಮೊಮ್ಮಕ್ಕಳು ಬಿಟ್ಟು ಹೋಗುತ್ತಾರೆ. ಡೆಲ್ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ.

ಸಭೆಗೆ ಎರಡು ದಿನ ಇರುವಾಗ ನೀನಾ ಥಿಬೊಡೊ ಅವನ ಮನೆಗೆ ಬಂದಳು. ನೀನಾ ಊರಿನ ಚಿಪ್ಪುಬಯಲಿನ ವಾರ್ಡನ್. ಚಿಕ್ಕ ಚಿಪ್ಪು ಕದ್ದು ಅಗೆಯುವವರನ್ನು ಹಿಡಿಯುವುದು, ನೀರಿನ ಪರೀಕ್ಷೆ ಮಾಡಿಸುವುದು, ಮರಿಚಿಪ್ಪು ಬಿತ್ತಿಸುವುದು ಅವಳ ಕೆಲಸ. ಡೆಲ್‌ನನ್ನು ಎರಡು ಸಲ ಹಿಡಿದು ದಂಡ ಹಾಕಿದವಳೂ ಅವಳೇ. ಹಾಗಾಗಿ ಇಬ್ಬರಿಗೂ ಒಳ್ಳೆಯ ಸ್ನೇಹ.

"ಶನಿವಾರ ಸಭೆಗೆ ಬರ್ತೀರಾ ಡೆಲ್?" ಎಂದು ಅವಳು ಕುರ್ಚಿ ಎಳೆದುಕೊಂಡಳು.

"ಶನಿವಾರ ಇಳಿತ ಹನ್ನೊಂದೂವರೆಗೆ. ಈ ತಿಂಗಳ ದೊಡ್ಡ ಇಳಿತ. ಹುಚ್ಚು ಹಿಡಿದವನು ಮಾತ್ರ ಅವತ್ತು ಸಭೆಯಲ್ಲಿ ಕೂರ್ತಾನೆ."

"ಹದಿನೇಳನೇ ವಿಷಯ ಕಾರ್ಖಾನೆ ಗುತ್ತಿಗೆ. ಅದು ಮತಕ್ಕೆ ಬರೋದೂ ಹೆಚ್ಚುಕಡಿಮೆ ಹನ್ನೊಂದೂವರೆಗೇ."

"ಬರ್ಲಿ ಬಿಡು. ಅಲ್ಲಿ ಎಲ್ಲಾ ಮೊದಲೇ ನಿಶ್ಚಯ ಆಗಿರುತ್ತೆ. ನಾವು ಹೋಗೋದು ಚಪ್ಪಾಳೆ ತಟ್ಟೋಕೆ."

ಒಲೆಯ ಮುಂದೆ ನಿಂತಿದ್ದ ಹೆಂಡತಿ ಆರ್ಲೀನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಸಭೆಯ ದಿನ ಊಟ ಬಡಿಸುವವಳೂ ಅವಳೇ. ಅವಳು ತಿರುಗಿ ನೋಡಲಿಲ್ಲ. "ನೀನು ಯಾವಾಗ ಹೋಗಿ ನೋಡಿದ್ದೆ, ನಿಶ್ಚಯ ಆಗಿರುತ್ತೆ ಅಂತ? ನಾನು ಪ್ರತಿ ವರ್ಷ ಬಡಿಸೋ ಕಿಟಕೀಲಿ ನಿಂತು ಎಲ್ಲಾ ಕೇಳ್ತೀನಿ. ಹೋದ ವರ್ಷ ಅಗ್ನಿಶಾಮಕ ಗಾಡಿ ಬೇಡ ಅಂತ ಬಂದವರು ಬೇಕು ಅಂತ ಕೈ ಎತ್ತಿ ಹೋದ್ರು."

ನೀನಾ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. "ಈಗಿರೋ ಬರಹದಲ್ಲಿ ಒಂದೇ ಸಾಲು ಇದೆ. ಊರಿನ ಮುಖ್ಯಸ್ಥರಿಗೆ ಸರಿ ಕಂಡ ಹಾಗೆ ಗುತ್ತಿಗೆಗೆ ಕೊಡಬಹುದು, ಅಷ್ಟೇ. ನಾವು ಅದಕ್ಕೆ ಮೂರು ಶರತ್ತು ಸೇರಿಸಬಹುದು. ಜಾಗ ಊರಿನದು, ಶರತ್ತು ಹಾಕೋ ಹಕ್ಕೂ ಊರಿನದು. ವಕೀಲರನ್ನ ಕೇಳಿಯೇ ಬಂದಿದೀನಿ."

"ಏನು ಶರತ್ತು?"

"ಒಂದು, ಕೆಲಸ ಮೊದಲು ನಮ್ಮೂರವರಿಗೆ. ಅದೂ ವರ್ಷಪೂರ್ತಿ ಕೆಲಸ, ಬೇಸಿಗೆ ಮುಗಿದ ಮೇಲೆ ಮನೆಗೆ ಕಳಿಸೋದಲ್ಲ. ಪಾಳಿಯ ಹೊತ್ತು ಶಾಲೆ ಬಸ್ಸಿಗೆ ಹೊಂದಬೇಕು. ಎರಡು, ಕೊಳೆನೀರನ್ನ ಅಲ್ಲೇ ಶುದ್ಧ ಮಾಡಿ ಬಿಡಬೇಕು. ವಾರಕ್ಕೊಂದು ಪರೀಕ್ಷೆ, ಅದರ ಫಲಿತಾಂಶ ಊರ ಕಚೇರಿ ಬಾಗಿಲಿಗೆ ಅಂಟಿಸಬೇಕು. ಕೆಟ್ಟಿದ್ದರೆ ಸರಿಯಾಗೋ ತನಕ ಕೆಲಸ ನಿಲ್ಲಿಸಬೇಕು, ಆ ದಿನಗಳ ಕೂಲಿ ಹಿಡಿಯೋ ಹಾಗಿಲ್ಲ. ಮೂರು, ಕೆಸರುಬಯಲಿಗೆ ಇಳಿಯೋ ದಾರಿಗೆ ಬೇಲಿ ಹಾಕೋ ಹಾಗಿಲ್ಲ."

ಡೆಲ್ ನಕ್ಕ. ನಗುವಿನಲ್ಲಿ ಸಂತೋಷವಿರಲಿಲ್ಲ. "ಇಷ್ಟೆಲ್ಲಾ ಕೇಳಿದ್ರೆ ಕಂಪನಿಯವರು ಬಂದ ದಾರೀಲೇ ಓಡ್ತಾರೆ."

ಅದೇ ಹೊತ್ತಿಗೆ ಕ್ಯಾರಿ ಒಳಗೆ ಬಂದಳು. ಕೆಲಸದ ಬಟ್ಟೆಯಲ್ಲೇ ಇದ್ದಳು. ಅಪ್ಪನ ಕೊನೆಯ ಮಾತು ಅವಳ ಕಿವಿಗೆ ಬಿದ್ದಿತ್ತು. "ಓಡ್ಲಿ ಅಂತಲೇ ಅಲ್ವಾ ಅಪ್ಪ ನಿಮ್ಮ ಆಸೆ? ನಿಮಗೆ ಕೆಸರು ಮುಖ್ಯ. ನಾನು ಮನೆಗೆ ಬರೋ ಹೊತ್ತಿಗೆ ಮಕ್ಕಳು ಮಲಗಿರ್ತಾರೆ, ಅದು ಯಾರಿಗೂ ಮುಖ್ಯ ಅಲ್ಲ."

"ನಾನು ಹಾಗಂದ್ನಾ?"

"ಅನ್ನದೇ ಇದ್ದರೂ ಮುಖದಲ್ಲಿ ಬರೆದಿದೆ."

ನೀನಾ ಅವಳನ್ನೂ ಕೂರಿಸಿದಳು. "ಕ್ಯಾರಿ, ಕಾರ್ಖಾನೆ ಬೇಡ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ, ಓದು. ಡಾಬ್ಸ್ ಪಾಯಿಂಟ್ ಊರವರು ಹತ್ತು ವರ್ಷದ ಹಿಂದೆ ಏನೂ ಕೇಳದೆ ಒಂದು ಕಾರ್ಖಾನೆಗೆ ಸಹಿ ಹಾಕಿದ್ರು, ನೆನಪಿದೆ ತಾನೆ. ಮೂರನೇ ವರ್ಷ ಕೆಸರುಬಯಲಿಗೆ ಕೆಂಪು ಫಲಕ ಬಿತ್ತು. ಐದನೇ ವರ್ಷ ಕಾರ್ಖಾನೆಗೂ ಬೀಗ ಬಿತ್ತು. ಕೆಲಸವೂ ಹೋಯ್ತು, ಚಿಪ್ಪೂ ಹೋಯ್ತು. ಕೆಲಸ ಬೇಕು, ಮನೆಮಂದಿ ನೆಮ್ಮದಿಯಾಗಿರಬೇಕು, ನೀರೂ ಉಳೀಬೇಕು. ಇದರಲ್ಲಿ ಒಂದನ್ನ ಮಾತ್ರ ಆರಿಸ್ಕೊಳ್ಳಿ ಅಂತ ನಮಗೆ ಯಾರು ಹೇಳಿದ್ದು?"

"ಶರತ್ತು ಹಾಕಿ ಅವರು ಬರದೇ ಹೋದ್ರೆ?" ಎಂದಳು ಕ್ಯಾರಿ.

"ಬರದೇ ಹೋಗಲೂಬಹುದು. ಅದನ್ನ ಸುಳ್ಳು ಅನ್ನಲ್ಲ."

ಕ್ಯಾರಿ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟು ಎದ್ದು ಹೋದಳು. ಡೆಲ್ ಆ ಹಾಳೆಯನ್ನು ನೋಡುತ್ತಲೇ ಕುಳಿತ.

"ಇದನ್ನ ಸಭೇಲಿ ನೀನೇ ಓದಬಹುದಲ್ಲ," ಎಂದ ಕೊನೆಗೆ.

"ನಾನು ಊರಿನ ಸಂಬಳ ತಗೊಳ್ಳೋಳು. ನಾನು ಹೇಳಿದ್ರೆ ವಾರ್ಡನ್ ಅಧಿಕಾರ ಮಾಡ್ತಾಳೆ ಅಂತಾರೆ. ಕೆಸರಿಗಿಳಿಯೋರೇ ಹೇಳ್ಬೇಕು. ಊರಲ್ಲಿ ಚಿಪ್ಪು ಅಗೆಯೋರು ಮೂವತ್ತೆರಡು ಜನ ಇದೀರಿ. ಒಬ್ರೂ ಬರಲ್ಲ. ಆಮೇಲೆ ವರ್ಷಪೂರ್ತಿ ನನ್ನ ಕಿವಿ ತಿಂತೀರಿ."

ಆರ್ಲೀನ್ ಸೌಟು ಕೆಳಗಿಟ್ಟಳು. "ಮದುವೆ ಮನೇಲೂ ಇವನು ಮಾತಾಡಿರಲಿಲ್ಲ. ಒಪ್ಪಿದೀನಿ ಅನ್ನೋಕೆ ಪಾದ್ರಿಗಳು ಎರಡು ಸಲ ಕೇಳಬೇಕಾಯ್ತು," ಎಂದಳು. ನೀನಾ ನಕ್ಕಳು. ಡೆಲ್ ನಗಲಿಲ್ಲ, ಆದರೆ ಹಾಳೆಯನ್ನು ಜೇಬಿಗೆ ಹಾಕಿಕೊಂಡ.

ಶನಿವಾರ ಬೆಳಿಗ್ಗೆ ಅವನು ಅಭ್ಯಾಸದಂತೆ ಎದ್ದು ಗಾಡಿಯಲ್ಲಿ ಗುದ್ದಲಿ, ಬುಟ್ಟಿ, ಉದ್ದ ಬೂಟು ಎಲ್ಲ ಇಟ್ಟ. ಕವಲುದಾರಿಗೆ ಬಂದ. ಎಡಕ್ಕೆ ಹೋದರೆ ಕಡಲು, ಬಲಕ್ಕೆ ಸಭೆ ನಡೆಯುವ ಶಾಲೆ. ಮುಂದಿದ್ದ ಗಾಡಿಗಳೆಲ್ಲ ಎಡಕ್ಕೆ ಹೋದವು. ಅವನು ಬಾಯಿಗೆ ಬಂದಂತೆ ಬೈದುಕೊಂಡು ಬಲಕ್ಕೆ ತಿರುಗಿಸಿದ.

ಶಾಲೆಯ ಆಟದ ಸಭಾಂಗಣದಲ್ಲಿ ಮಡಚುವ ಕುರ್ಚಿಗಳನ್ನು ಹಾಕಿದ್ದರು. ಬಾಗಿಲಲ್ಲಿ ಮತದಾರರ ಪಟ್ಟಿ ಹಿಡಿದು ಕುಳಿತಿದ್ದ ಹೆಂಗಸು ಡೆಲ್‌ನನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ದಾರಿ ತಪ್ಪಿತೇನು?" ಎಂದು ಕೇಳಿ ಅವನ ಕೈಗೆ ಮತದ ಹೊತ್ತಿಗೆ ಎತ್ತಿ ತೋರಿಸುವ ಹಳದಿ ಚೀಟಿ ಕೊಟ್ಟಳು. ಕಾರ್ಖಾನೆ ಬೇಕೆನ್ನುವವರು ಒಂದು ಕಡೆ ಒಟ್ಟಾಗಿ ಕುಳಿತಿದ್ದರು. ಅವರ ನಡುವೆ ಕ್ಯಾರಿಯೂ ಇದ್ದಳು. ಡೆಲ್ ಗೋಡೆಯ ಪಕ್ಕ ಒಬ್ಬನೇ ಕುಳಿತ.

ಸಭೆ ನಡೆಸುತ್ತಿದ್ದವಳು ಎಡಿತ್, ನಲವತ್ತು ವರ್ಷ ಊರಿನ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಿಯಾದವಳು. ಸಭೆಯಲ್ಲಿದ್ದ ಅರ್ಧ ಜನ ಅವಳ ಕೈಯಲ್ಲಿ ಬೈಸಿಕೊಂಡವರೇ. ವಿಷಯಗಳು ಒಂದೊಂದಾಗಿ ಮುಗಿಯುತ್ತ ಬಂದವು. ಹಿಮ ತೆಗೆಯುವ ಗಾಡಿಗೆ ಒಪ್ಪಿಗೆ ಸಿಕ್ಕಿತು. ಗ್ರಂಥಾಲಯದ ಮಾಡಿಗೆ ಒಪ್ಪಿಗೆ ಸಿಕ್ಕಿತು. ನಾಯಿಗಳ ವಿಷಯಕ್ಕೆ ಮಾತ್ರ ಇಪ್ಪತ್ತು ನಿಮಿಷ ಜಗಳವಾಯಿತು. ಹದಿನಾರನೆಯದು ಮುಗಿದಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ನಲವತ್ತು.

ಡೆಲ್ ಸುತ್ತ ಕಣ್ಣಾಡಿಸಿದ. ಅಗೆಯುವವರು ಒಬ್ಬರೂ ಇಲ್ಲ. ಈಗ ಶರತ್ತಿನ ಹಾಳೆ ಓದಿದರೆ ಅವನ ಚೀಟಿ ಒಂದೇ ಮೇಲೇಳುವುದು.  ಇಪ್ಪತ್ತೆರಡು ವರ್ಷ ಬೈದುಕೊಂಡು ತಿರುಗಿದ್ದು ಈ ಖಾಲಿ ಕುರ್ಚಿಗಳನ್ನೇ ಎಂದು ಅವನಿಗೆ ಆಗ ಅರಿವಾಯಿತು. ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯೇ ಅವನನ್ನು ಎಬ್ಬಿಸಿ ನಿಲ್ಲಿಸಿತು.

"ಟೀಚರ್," ಎಂದ. ಯಾರೋ ಕಿಸಕ್ಕನೆ ನಕ್ಕರು. "ಹದಿನೇಳನೇದನ್ನ ಊಟ ಆದ ಮೇಲೆ ತಗೋಬೇಕು ಅಂತ ಕೇಳ್ಕೋತೀನಿ."

"ಕಾರಣ ಹೇಳು ಡೆಲ್ಮಾಂಟ್," ಎಂದಳು ಎಡಿತ್ ಅವನ ಪೂರ್ತಿ ಹೆಸರು ಹಿಡಿದು, ಅವನು ಐದನೇ ತರಗತಿಯಲ್ಲಿದ್ದಾಗ ಕೇಳುತ್ತಿದ್ದ ಅದೇ ದನಿಯಲ್ಲಿ.

"ಈಗ ಇಳಿತ. ಅಗೆಯೋರೆಲ್ಲಾ ಕೆಸರಲ್ಲಿದಾರೆ. ಕೆಸರಿನ ವಿಷಯ ಅವರಿಲ್ದೆ ಮುಗಿಸೋದು ಬೇಡ."

ಊರಿನ ಮೂವರು ಮುಖ್ಯಸ್ಥರಲ್ಲಿ ಹಿರಿಯನಾದ ಹಾರ್ಲನ್ ಕ್ರೌಲಿ ಎದ್ದ. ಕೆಟ್ಟ ಮನುಷ್ಯನಲ್ಲ ಅವನು. ಊರಿಗೆ ಒಂದು ಕಾರ್ಖಾನೆ ತರಲು ಎರಡು ವರ್ಷ ಅಲೆದು ಬೇಸತ್ತಿದ್ದ. "ಸಭೆ ಇವತ್ತು ಅಂತ ತಿಂಗಳಿಂದ ಅಂಚೆ ಕಚೇರಿ ಗೋಡೇಲಿ ಹಾಕಿದೆ. ಬರದಿದ್ದೋರಿಗೆ ಕಾಯ್ಬೇಕು ಅನ್ನೋದು ಯಾವ ನ್ಯಾಯ?"

"ನ್ಯಾಯ ಅಲ್ಲ ಹಾರ್ಲನ್," ಎಂದ ಡೆಲ್. "ತಪ್ಪು ನಮ್ಮದೇ. ಇಪ್ಪತ್ತೆರಡು ವರ್ಷ ನಾನೂ ಬಂದಿಲ್ಲ. ಒಂದು ಊಟದ ಹೊತ್ತು ಕೊಡಿ ಅಂತ ಕೇಳ್ತಿದೀನಿ, ಅಷ್ಟೇ."

ಸಭೆ ಗುಸುಗುಸು ಅಂದಿತು. ಅಷ್ಟರಲ್ಲಿ ಬಡಿಸುವ ಕಿಟಕಿಯ ಬಾಗಿಲು ಮೇಲಕ್ಕೆ ಸರಿಯಿತು. ಆರ್ಲೀನ್ ತಲೆ ಹೊರಹಾಕಿ, "ಬೀನ್ಸ್ ಸಿದ್ಧ ಇದೆ. ಕಂದು ರೊಟ್ಟಿ ಈಗಷ್ಟೇ ತೆಗೆದಿದೀನಿ. ತಡ ಮಾಡಿದ್ರೆ ತಣ್ಣಗಿರೋದು ತಿನ್ಬೇಕು, ಆಮೇಲೆ ನನ್ನ ಕೇಳ್ಬೇಡಿ," ಎಂದಳು. ಬೇಯಿಸಿದ ಬೀನ್ಸಿನ ವಾಸನೆ ಸಭಾಂಗಣದ ತುಂಬ ಹರಡಿತು. ಎಡಿತ್ ಮತಕ್ಕೆ ಹಾಕಿದಳು. ಹಳದಿ ಚೀಟಿಗಳು ಎದ್ದವು. ಊಟವಾದ ಮೇಲೆ ಎಂದು ತೀರ್ಮಾನವಾಯಿತು.

ಡೆಲ್ ಊಟಕ್ಕೆ ನಿಲ್ಲಲಿಲ್ಲ. ಗಾಡಿ ಹತ್ತಿ ತೀರಕ್ಕೆ ಬಂದ. ಅಗೆಯುವವರು ಫೋನನ್ನು ಗಾಡಿಯಲ್ಲೇ ಬಿಟ್ಟು ಇಳಿಯುತ್ತಾರೆ. ಮಂಜು ಕವಿದಾಗ, ಯಾರಾದರೂ ಕೆಸರಲ್ಲಿ ಹೂತಾಗ ದಡದಲ್ಲಿದ್ದವರು ಮೂರು ಸಲ ಉದ್ದಕ್ಕೆ ಹಾರ್ನ್ ಹೊಡೆಯುವುದು ಅಲ್ಲಿನ ರೂಢಿ. ಕೇಳಿದವರು ಬುಟ್ಟಿ ಬಿಟ್ಟು ಓಡಿ ಬರಬೇಕು. ಡೆಲ್ ಮೂರು ಸಲ ಹೊಡೆದ. ದೂರದಲ್ಲಿ ಬಗ್ಗಿದ್ದ ಬೆನ್ನುಗಳೆಲ್ಲ ನೆಟ್ಟಗಾದವು.

ಏದುಸಿರು ಬಿಡುತ್ತ ಎಲ್ಲರಿಗಿಂತ ಮೊದಲು ಬಂದವನು ವೇಲನ್. ಇಪ್ಪತ್ತಾರರ ಹುಡುಗ, ನಾಲಿಗೆ ಚುರುಕು. "ಯಾರಿಗೇನಾಯ್ತು?"

"ಯಾರಿಗೂ ಏನಾಗಿಲ್ಲ. ಸಭೆಗೆ ಬನ್ನಿ."

"ಸಭೆಗಾ? ಮಾರಾಯ, ಇದಕ್ಕೆ ಹಾರ್ನ್ ಹೊಡೆದ್ಯಾ? ಇನ್ನೂ ಒಂದೂವರೆ ಗಂಟೆ ಇಳಿತ ಇದೆ. ನನ್ನ ಬುಟ್ಟಿ ಅರ್ಧವೂ ಆಗಿಲ್ಲ."

"ನನ್ನ ಬುಟ್ಟಿ ನೋಡು, ಒಣಗಿದೆ."

ವೇಲನ್ ಗಾಡಿಯೊಳಗೆ ಇಣುಕಿದ. ಡೆಲ್ ಲಂಟ್ ದೊಡ್ಡ ಇಳಿತದ ದಿನ ಕೆಸರಿಗಿಳಿದಿಲ್ಲ ಎಂಬುದನ್ನು ಅವನಿಗೆ ನಂಬಲಾಗಲಿಲ್ಲ. ಅಷ್ಟರಲ್ಲಿ ಉಳಿದವರೂ ಬಂದು ಸುತ್ತ ನಿಂತರು.

"ಇವತ್ತಿನ ಒಂದು ಇಳಿತ ಹೋದ್ರೆ ಹೋಗ್ಲಿ," ಎಂದ ಡೆಲ್. "ನಾವು ಇಲ್ಲೇ ಬಗ್ಗಿಕೊಂಡಿದ್ರೆ ಅಲ್ಲಿ ಮೂವತ್ತು ವರ್ಷದ ಇಳಿತ ಹೋಗುತ್ತೆ. ನಾನೊಬ್ಬನೇ ಅಲ್ಲಿ ಪೆದ್ದನ ಹಾಗೆ ನಿಂತಿದ್ದೆ. ಟೀಚರ್ ಕಾರಣ ಕೇಳಿದ್ರು ಬೇರೆ."

"ಎಡಿತ್ ಟೀಚರ್ ಕಾರಣ ಕೇಳಿದ್ರಾ?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಅದಾದ ಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ. ಇಬ್ಬರು ಮಾತ್ರ ಏನೇ ಆದರೂ ಬರುವುದಿಲ್ಲವೆಂದು ಬಯಲಿಗೆ ವಾಪಸು ಹೋದರು. ಮೊಂಡರು ಎಲ್ಲ ಊರಲ್ಲೂ ಇರುತ್ತಾರೆ.

ಒಂದು ಗಂಟೆಗೆ ಸರಿಯಾಗಿ ಶಾಲೆಯ ಬಾಗಿಲಲ್ಲಿ ಗಲಾಟೆ ಶುರುವಾಯಿತು. ಹಿಂದಿನ ದಿನವಷ್ಟೇ ನೆಲಕ್ಕೆ ಹೊಳಪು ಕೊಟ್ಟಿದ್ದ ಶಾಲೆಯ ಜವಾನ ಎರಡು ಕೈ ಚಾಚಿ ಅಡ್ಡ ನಿಂತಿದ್ದ. "ಮತ ಹಾಕಿ, ಬೇಡ ಅನ್ನಲ್ಲ. ಬೂಟು ಒಳಗೆ ಬರೋ ಹಾಗಿಲ್ಲ," ಎಂದ. ಹಾಗಾಗಿ ಇಪ್ಪತ್ತೊಂಬತ್ತು ಜನ ತೊಡೆಯವರೆಗಿನ ಕೆಸರುಬೂಟು ಕಳಚಿ ಹೊರಗೆ ಸಾಲಾಗಿ ನಿಲ್ಲಿಸಿ ಕಾಲುಚೀಲದಲ್ಲೇ ಒಳಗೆ ನಡೆದರು. ವೇಲನ್‌ನ ಎರಡು ಹೆಬ್ಬೆರಳೂ ಕಾಲುಚೀಲದಿಂದ ಹೊರಗೆ ಇಣುಕುತ್ತಿದ್ದವು. ಪಟ್ಟಿ ಹಿಡಿದ ಹೆಂಗಸು ಎಲ್ಲರ ಹೆಸರು ಹುಡುಕಿ ಗುರುತು ಹಾಕುವಷ್ಟರಲ್ಲಿ ಹಳದಿ ಚೀಟಿ ಸಾಲದೆ ಮತ್ತೊಂದು ಕಟ್ಟು ಒಡೆಯಬೇಕಾಯಿತು.

ಎಡಿತ್ ಹದಿನೇಳನೇ ವಿಷಯ ಓದಿದಳು. ಡೆಲ್ ಎದ್ದ. ಜೇಬಿನ ಹಾಳೆ ತೆಗೆದು ಮೂರು ಶರತ್ತುಗಳನ್ನೂ ಓದಿದ.  ಓದಿ ಮುಗಿಸಿ ಹಾಳೆ ಮಡಚಿದ.

"ನನ್ನ ಮಗಳಿಗೆ ಈ ಕೆಲಸ ಬೇಕು," ಎಂದ. "ಮಕ್ಕಳು ಎದ್ದಿರೋವಾಗ ಅವಳು ಮನೆಗೆ ಬರಬೇಕು. ನನಗೆ ಕೆಸರುಬಯಲು ಬೇಕು. ಎರಡೂ ಬೇಕು ಅನ್ನೋಕೆ ಇಷ್ಟು ದಿನ ನಾಚಿಕೆ ಪಟ್ಟೆ. ಈಗ ಪಡಲ್ಲ. ಅಷ್ಟೇ ನನ್ನ ಮಾತು."

"ತಿದ್ದುಪಡಿಗೆ ಯಾರಾದರೂ ಅನುಮೋದನೆ ಕೊಡುತ್ತೀರಾ?" ಎಂದು ಎಡಿತ್ ಕೇಳಿದಳು.

ವೇಲನ್ ಬಾಯಿ ತೆರೆಯುವ ಮೊದಲೇ ಆ ಕಡೆಯ ಕುರ್ಚಿಗಳ ನಡುವಿನಿಂದ ಒಂದು ದನಿ ಬಂತು. "ನಾನು ಅನುಮೋದಿಸ್ತೀನಿ." ಕ್ಯಾರಿ ಎದ್ದು ನಿಂತಿದ್ದಳು. ಅಕ್ಕಪಕ್ಕದವರು ತಿರುಗಿ ಅವಳನ್ನೇ ನೋಡಿದರು. "ಬೇಸಿಗೆ ಮುಗಿದ ಮೇಲೆ ಮನೆಗೆ ಕಳಿಸೋ ಕೆಲಸ ನನಗೂ ಬೇಡ. ಅಪ್ಪ ಓದೋ ತನಕ ನಾನು ಆ ಕಾಗದ ಪೂರ್ತಿ ಓದಿರಲಿಲ್ಲ."  ಡೆಲ್ ಕೂರಬೇಕೆಂಬುದನ್ನೂ ಮರೆತು ನಿಂತೇ ಇದ್ದ.

ಹಾರ್ಲನ್ ಮತ್ತೆ ಎದ್ದ. "ಕೇಳೋಕೆ ಚೆನ್ನಾಗಿದೆ. ಆದ್ರೆ ಕಂಪನಿಯವರು ಹೊರಟು ಹೋದ್ರೆ? ಡಾಬ್ಸ್ ಪಾಯಿಂಟ್‌ನಲ್ಲಿ ಕಟ್ಟಡವೇ ಖಾಲಿ ಬಿದ್ದಿದೆ. ಅಲ್ಲಿನವರು ಯಾವ ಶರತ್ತೂ ಕೇಳಲ್ಲ."

 ಅನೇಕರ ಮನಸ್ಸಿನಲ್ಲಿದ್ದ ಭಯ ಅದೇ. ಕಂಪನಿಯ ಕಡೆಯಿಂದ ಬಂದಿದ್ದ ಹೆಂಗಸು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಹೊರಗಿನವರು ಮಾತಾಡಬೇಕಾದರೆ ಸಭೆಯ ಒಪ್ಪಿಗೆ ಬೇಕು. ನೀನಾ ಎದ್ದು, "ಅವರನ್ನ ಒಂದು ಮಾತು ಕೇಳೋಕೆ ಒಪ್ಪಿಗೆ ಕೊಡಿ," ಎಂದಳು. ಒಪ್ಪಿಗೆ ಸಿಕ್ಕಿತು.

"ಡಾಬ್ಸ್ ಪಾಯಿಂಟ್‌ನಲ್ಲಿ ಕಟ್ಟಡ ಖಾಲಿ ಇದ್ದಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಆ ಹೆಂಗಸು.

"ಮೊದಲು ಅಲ್ಲಿಗೇ ಯಾಕೆ ಹೋಗಲಿಲ್ಲ?"

ಆಕೆ ಎದ್ದು ನಿಂತಳು. ಬಳಸಿ ಮಾತಾಡಬಹುದಿತ್ತು, ಮಾತಾಡಲಿಲ್ಲ. "ಹೋಗಿದ್ವಿ. ಅಲ್ಲಿ ನೀರು ಕೆಟ್ಟಿದೆ. ಕಡಲಪಾಚಿ ತೊಳೆಯೋಕೆ ನಮಗೆ ಶುದ್ಧವಾದ ಕಡಲ ನೀರೇ ಬೇಕು. ಈ ತೀರದಲ್ಲಿ ಅಂಥ ನೀರು ಉಳಿದಿರೋ ಜಾಗ ಕಡಿಮೆ. ಅದಕ್ಕೇ ಇಲ್ಲಿಗೆ ಬಂದಿದ್ದು. ನಿಮ್ಮ ಶರತ್ತು ನಮಗೆ ಭಾರವೇ. ಮೇಲಿನವರನ್ನ ಕೇಳಬೇಕು. ಆದ್ರೆ ಡಾಬ್ಸ್ ಪಾಯಿಂಟ್‌ಗೆ ನಾವು ಹೋಗಲ್ಲ."

ಹಾರ್ಲನ್ ಕ್ರೌಲಿ ನಿಧಾನಕ್ಕೆ ಕುಳಿತ. ಎರಡು ವರ್ಷ ಕಂಪನಿಯವರ ಬೆನ್ನು ಹತ್ತಿದವನು ಈ ಒಂದು ಮಾತು ಕೇಳಿರಲಿಲ್ಲ. ಊರು ಕೈಚಾಚಿ ನಿಂತಿದೆ ಎಂದುಕೊಂಡಿದ್ದ. ಬಂದವರಿಗೂ ಊರಿನಿಂದ ಏನೋ ಬೇಕಾಗಿದೆ ಎಂಬುದು ಅವನಿಗೂ ಆಗಲೇ ಹೊಳೆದದ್ದು.

ಎಡಿತ್ ತಿದ್ದುಪಡಿಯನ್ನು ಮತಕ್ಕೆ ಹಾಕಿದಳು. ಕಣ್ಣಳತೆಗೆ ಸಿಗದಷ್ಟು ಹತ್ತಿರವಿತ್ತು. ಎಣಿಸುವವರು ಸಾಲು ಸಾಲಾಗಿ ಓಡಾಡಿ ಎಣಿಸಿದರು. ಪರವಾಗಿ ನೂರ ಹದಿನೆಂಟು, ವಿರುದ್ಧ ತೊಂಬತ್ತೇಳು. ಆ ಇಪ್ಪತ್ತೊಂಬತ್ತು ಜನ ಕೆಸರಲ್ಲೇ ಉಳಿದಿದ್ದರೆ ಏನಾಗುತ್ತಿತ್ತೆಂದು ಎಡಿತ್ ಟೀಚರ್ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ಶರತ್ತುಗಳೊಡನೆ ಗುತ್ತಿಗೆಯ ಇಡೀ ವಿಷಯ ಮತಕ್ಕೆ ಬಂತು. ಈ ಸಲ ಎಣಿಸುವ ಅಗತ್ಯವೇ ಬೀಳಲಿಲ್ಲ. ಸಭಾಂಗಣದ ಈ ಗೋಡೆಯಿಂದ ಆ ಗೋಡೆಯವರೆಗೆ ಹಳದಿ ಚೀಟಿಗಳು ಎದ್ದವು. ಹಾರ್ಲನ್‌ನ ಚೀಟಿಯೂ ಎದ್ದಿತು. ಅಡುಗೆಮನೆಯ ಕಿಟಕಿಯಲ್ಲಿ ಆರ್ಲೀನ್ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಚೀಟಿ ಹಿಡಿದು ಎರಡನ್ನೂ ಎತ್ತಿದ್ದಳು. ಕಾಲುಚೀಲದವರು ನೆಲಕ್ಕೆ ಕಾಲು ಬಡಿದು ಸದ್ದು ಮಾಡಲು ನೋಡಿ, ಸದ್ದು ಬಾರದೆ ಕೇಕೆ ಹಾಕಿದರು.

ಮೂರು ವಾರ ಕಂಪನಿಯಿಂದ ಉತ್ತರವಿರಲಿಲ್ಲ. ಆ ಮೂರು ವಾರ ಡೆಲ್ ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ತನ್ನ ಹಟಕ್ಕೆ ಮಗಳ ಕೆಲಸ ಹೋಯಿತೇನೋ ಎಂಬ ಹೆದರಿಕೆ. ನಾಲ್ಕನೇ ವಾರ ಸಹಿಯಾದ ಕಾಗದ ಬಂತು. ಪಾಳಿಯ ವಿಷಯದಲ್ಲಿ ಅವರು ಅರ್ಧ ಗಂಟೆ ಚೌಕಾಸಿ ಮಾಡಿದ್ದರು. ಉಳಿದದ್ದೆಲ್ಲ ಸಭೆ ಬರೆದ ಹಾಗೆಯೇ ಇತ್ತು.

ಈಗ ಅಲ್ಲಿ ಕಾರ್ಖಾನೆ ನಡೆಯುತ್ತಿದೆ. ಕ್ಯಾರಿ ಅಲ್ಲಿ ಪಾಳಿಯ ಮೇಲ್ವಿಚಾರಕಿ. ಮನೆಯಿಂದ ಹತ್ತು ನಿಮಿಷ. ಶಾಲೆಯ ಬಸ್ಸು ಬರುವಾಗ ಓಣಿಯ ಬಾಯಲ್ಲಿ ನಿಂತಿರುತ್ತಾಳೆ. ನೀರಿನ ಪರೀಕ್ಷೆಯ ಕಾಗದವನ್ನು ಪ್ರತಿ ಸೋಮವಾರ ಊರ ಕಚೇರಿಯ ಬಾಗಿಲಿಗೆ ಅಂಟಿಸುತ್ತಾರೆ. ಕಳೆದ ಅಕ್ಟೋಬರಿನಲ್ಲಿ ಒಂದು ಸಲ ಫಲಿತಾಂಶ ಕೆಟ್ಟಿತ್ತು. ಕಾರ್ಖಾನೆ ನಾಲ್ಕು ದಿನ ನಿಂತಿತು, ಒಡೆದ ಕೊಳವೆ ಬದಲಾಯಿಸಿದ ಮೇಲೆ ಮತ್ತೆ ನಡೆಯಿತು. ಕೆಲಸದವರ ಕೂಲಿ ಹೋಗಲಿಲ್ಲ, ಬಯಲಿಗೆ ಕೆಂಪು ಫಲಕವೂ ಬೀಳಲಿಲ್ಲ. ಡೆಲ್ ಈಗಲೂ ಕೆಸರಿಗಿಳಿಯುತ್ತಾನೆ, ಈಗಲೂ ಬೈಯುತ್ತಾನೆ. ಆದರೆ ಬೈಯಬೇಕಾದ್ದನ್ನು ಸಭೆಯಲ್ಲಿ ಎದ್ದು ನಿಂತು ಬೈಯುತ್ತಾನೆ. ಮರುವರ್ಷದ ಸಭೆಯಲ್ಲಿ ಅಗೆಯುವವರು ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲು ಹಿಡಿದರು. ಆ ಇಬ್ಬರು ಮೊಂಡರೂ ಬಂದಿದ್ದರು.

ಓದುಗರೇ, ನಿಮ್ಮೂರಿಗೂ ಇವತ್ತಲ್ಲ ನಾಳೆ ಒಂದು ಕಾರ್ಖಾನೆಯೋ ರಸ್ತೆಯೋ ಗಣಿಯೋ ಬಂದೇ ಬರುತ್ತದೆ. ಅದು ಬೇಡವೆಂದು ಮುಖ ತಿರುಗಿಸಬೇಡಿ, ಬಂದದ್ದೇ ಭಾಗ್ಯವೆಂದು ತಲೆಬಾಗಿಸಲೂ ಬೇಡಿ. ನಮ್ಮ ಜನಕ್ಕೆ ಕೆಲಸ ಸಿಗುತ್ತದೆಯೇ ಎಂದು ಕೇಳಿ. ಆ ಕೆಲಸದಿಂದ ಮನೆಮಂದಿಯ ಬಾಳು ಹಸನಾಗುತ್ತದೆಯೇ ಎಂದು ಕೇಳಿ. ನೀರು, ನೆಲ, ಗಾಳಿ ಈಗಿರುವ ಹಾಗೆ ಉಳಿಯುತ್ತವೆಯೇ, ಉಳಿಯದಿದ್ದರೆ ಹೊಣೆ ಯಾರು ಎಂದು ಕೇಳಿ. ಮೂರಕ್ಕೂ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸರ್ಕಾರದ ನೀತಿ ರಾಜಧಾನಿಯಲ್ಲಿ ಮಾತ್ರ ಆಗುವಂಥದ್ದಲ್ಲ, ನಿಮ್ಮ ಗ್ರಾಮಸಭೆಯಲ್ಲೂ ಆಗುತ್ತದೆ. ಅಲ್ಲಿ ನಿಮ್ಮ ಹೆಸರಿನ ಕುರ್ಚಿ ಖಾಲಿ ಇದ್ದರೆ ನಿಮ್ಮ ಪಾಲಿನ ಮಾತನ್ನು ಬೇರೆ ಯಾರೋ ಆಡಿ ಮುಗಿಸುತ್ತಾರೆ. ಮುಂದಿನ ಗ್ರಾಮಸಭೆ ಯಾವಾಗೆಂದು ನಾಳೆ ಬೆಳಿಗ್ಗೆಯೇ ಪಂಚಾಯಿತಿ ಕಚೇರಿಗೆ ಹೋಗಿ ಕೇಳಿ. ಆ ದಿನದ ಕೆಲಸ ಒಂದು ದಿನ ಕಾಯಲಿ. ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಎದ್ದು ನಿಂತು ಕೇಳಿ.